ಕಾಮನ ಬೆಂಕಿ, ಮಸಾರಿ ಮಣ್ಣು

ನಮ್ಮ ಹೊಲ ಗುಡ್ಡದ ಬುಡಕ್ಕ ಇತ್ತು. ಕುಷ್ಟಗಿ ಬಿಟ್ಟು ಯಲಬುರ್ಗಾ ಕಡಿ ಬರೂವಾಗ ಕಲ್ಲು, ಕಂಟಿ, ಬಾದಿ ಹುಲ್ಲು ತುಂಬಿದ ಗುಡ್ಡ ಕಾಣ್ತಾವಲ್ಲ, ಅಂಥಾ ಒಂದು ಗುಡ್ಡದ ಕೆಳಗ. ಅದಕ್ಕ ನಾವು ಅಡವಿ ಅಂತಿದ್ವಿ. ಅಡವಿ ಅಂದಕೂಡ್ಲೆ ಮುಗಿಲು ಮುಟ್ಟೂ ಗಿಡ ಅಂತ ತಿಳ್ಕೋಬ್ಯಾಡ್ರಿ. ಜಾಲಿ, ಕಾರಿ, ಬಾರಿ, ಅಲ್ಲೊಂದು ಇಲ್ಲೊಂದು ಮುತ್ತಲ. ಆಳೆತ್ತರ ಮೀರಿದ ಗಿಡ ಕಡಿಮಿ. ಬ್ಯಾಸಿಗ್ಯಾಗ ಅದರೊಳಗ ನೆಳ್ಳು ಹುಡುಕಿದ್ರ ಒಂದು ಬುಟ್ಟಿಯಷ್ಟು ಸಿಗ್ತಿತ್ತು. ಗುಡ್ಡದ ಅರ್ಧಕ್ಕ ಜಂಗ್ಲಾತಿನವರು ಸುಣ್ಣ ಬಳದ ಕಲ್ಲು ನೆಟ್ಟಿದ್ರು. ಕಲ್ಲಿನಾಚಿ ಸರಕಾರದ ಅಡವಿ, ಕಲ್ಲಿನೀಚಿ ನಮ್ಮ ಬೀಳು, ಅದರ ಕೆಳಗ ನಮ್ಮ ಹೊಲ. ಆಗ ನಿಜಾಮ ಸರಕಾರ. ಎಲ್ಲೋ ದೂರ ಯುದ್ಧ ನಡದಿತ್ತು. ಮುನಿರಾಬಾದ್ ಕಡಿ ಡ್ಯಾಮ್ ಕಟ್ತಾರಂತ ಅನ್ನೂದು ಇನ್ನಾ ಬಾಯಿಮಾತು.

ಆ ಹೊಲ ನಮಗ ಯಾಕ ಬಂತು ಅನ್ನೂದು ಮೊದ್ಲ ಹೇಳತೀನಿ. ನಾ ಆ ಮನಿಗೆ ಸಣ್ಣ ಸೊಸಿಯಾಗಿ ಬಂದೆ. ಅತ್ತಿ ನಾ ಬರೂದಕ್ಕಿಂತ ಮುಂಚೆ ತೀರಿಕೊಂಡಿದ್ಲು. ಮನಿಯಾಗ ಮಾವ, ಭಾವ, ನೆಗೆಣ್ಣಿ, ನಮ್ಮ ಮನಿಯವ್ರು, ನಾನು, ಇಷ್ಟ ಮಂದಿ. ನೆಗೆಣ್ಣಿ ಅಂದ್ರ ಭಾವನ ಹೆಂಡ್ತಿ, ನನಗಿಂತ ವಯಸ್ಸಿನಾಗ ದೊಡ್ಡಾಕಿ. ಅಡಿಗಿಮನಿ ಆಕಿ ಕೈಯಾಗಿತ್ತು. ಉಪ್ಪಿನ ಗಡಿಗಿ ಯಾವ ಮೂಲ್ಯಾಗ ಇರಬೇಕು, ರೊಟ್ಟಿ ಎಷ್ಟು ತೆಳ್ಳಗಿರಬೇಕು, ಎಲ್ಲಾ ಆಕಿ ಹೇಳಿದಂಗ. ಒಲಿಗೆ ಕಟಿಗಿ ಎಡಗಡಿಂದನ ತುರುಕಬೇಕು. ನಾ ತವರಮನಿಯಾಗ ಬಲಗಡಿಂದ ತುರುಕಿ ಬೆಳದಾಕಿ. ಇಲ್ಲೂ ಹಂಗ ಮಾಡಿದ್ರ ಆಕಿ ಬಂದು ಕಟಿಗಿ ಹೊರಗ ಜಗ್ಗಿ ಎಡಕ್ಕಿಟ್ಟು ಹೋಗ್ತಿದ್ಲು. ಬಾಯಿಲೆ ಒಂದು ಮಾತು ಅಂತಿದ್ದಿಲ್ಲ. ಬೈದಿದ್ರ ನಾನೂ ನಾಕು ಮಾತು ಅಂದು ಹಗುರ ಆಗ್ತಿದ್ದೆ. ಸುಮ್ಮನಿರೋರ ಜೋಡಿ ಜಗಳ ಆಡೂದು ಹ್ಯಾಂಗ? ನನಗ ಸಿಟ್ಟು ಮೂಗಿನ ತುದಿಮ್ಯಾಲ. ಈಗ ಹಲ್ಲು ಬಿದ್ದಾವು, ಸಿಟ್ಟು ಬಿದ್ದಿಲ್ಲ.

ಕಡೀಕ ಒಂದಿನ ನಮ್ಮ ಮನಿಯವ್ರಿಗೆ ಹೇಳಿಬಿಟ್ಟೆ. ನನಗ ನಂದಂತ ಒಂದು ಒಲಿ ಬೇಕು, ಬ್ಯಾರಿ ಏನೂ ಬ್ಯಾಡ ಅಂದೆ. ಅವ್ರು ಮಾವನ ಮುಂದ ಹೋಗಿ ತಲಿ ಕೆರಕೊಂತ ನಿಂತ್ರು. ಮಾವ ಭಾಳ ಮಾತಿನ ಮನಷ್ಯಾ ಅಲ್ಲ. ಊರ ಹಿಂದಿನ ಎರಿ ಹೊಲ ದೊಡ್ಡವಗ ಇರಲಿ, ಅಡವಿ ಹೊಲ ನಿಮಗ, ದನದ ಕೊಟಗಿ ಬಾಜೂಕಿನ ಖೋಲಿ ನಿಮಗ ಅಂದ್ರು. ಆಮ್ಯಾಲ ಒಂದು ಮಾತು ಸೇರಿಸಿದ್ರು.

"ಮೂರು ಬೆಳಿ ನೋಡತೀನಿ. ಮೂರನೇದರಾಗೂ ಹೊಟ್ಟಿಗಾಗೂವಷ್ಟು ಕಾಳು ಬರದಿದ್ರ ಒಲಿ ಕೆಡವಿ ಹೊಳ್ಳಿ ಬರ್ರಿ. ಒಂದ ಮನಿಯಾಗ ಒಂದು ಒಲಿ ಉಣ್ಣೂದು, ಒಂದು ಒಲಿ ಉಪವಾಸ ಕೂಡೂದು ನನ್ನ ಕೈಲೆ ನೋಡಾಕ ಆಗೂದಿಲ್ಲ."

ಅದರಾಗ ಕೆಟ್ಟ ಮನಸ್ಸು ಇದ್ದಿಲ್ಲ. ಎರಿ ಹೊಲ ಅಂದ್ರ ಕರಿ ಮಣ್ಣಿಂದು, ಒಮ್ಮಿ ನೀರು ಕುಡದ್ರ ತಿಂಗಳಗಟ್ಲೆ ಹಿಡಕೊಂಡಿರತೈತಿ. ನಮ್ಮದು ಮಸಾರಿ, ಕೆಂಪು ಉಸುಕು ಮಣ್ಣು. ಅದಕ್ಕ ಹಸಿವು ಜಾಸ್ತಿ, ಹಿಡತ ಕಡಿಮಿ. ಯಾರಾದ್ರೂ ಒಬ್ಬರು ಅದನ್ನ ತಗೋಬೇಕಾಗಿತ್ತು, ಬ್ಯಾರಿ ಆಗ್ತೀನಿ ಅಂದವರು ನಾವ. ನಾ ಆವತ್ತ ಹೊಲದಿಂದ ಒಂದು ಬುಟ್ಟಿ ಮಸಾರಿ ಮಣ್ಣು ತಂದೆ. ಸಗಣಿ, ಸಜ್ಜಿ ಹೊಟ್ಟು ಕಲಸಿ ತುಳದು ಒಲಿ ಹಾಕಿದೆ. ಬಲಗಡಿಂದ ಕಟಿಗಿ ತುರುಕಿ ಅದರ ಮ್ಯಾಲ ಮೊದಲನೇ ರೊಟ್ಟಿ ಬಡದೆ. ಅಷ್ಟು ಸಂತೋಷ ನನಗ ಮದಿವಿ ದಿನಾನೂ ಆಗಿದ್ದಿಲ್ಲ.

ಹೊಲದ ಮ್ಯಾಲಿನ ಅರ್ಧ ಕಂಟಿಲೆ ತುಂಬಿತ್ತು. ಮೊದಲನೇ ವರ್ಷ ಅದನ್ನ ಕಡದು ಸುಡೂದಿತ್ತು. ಸುಡಾಕ ನಮ್ಮೂರಾಗ ಒಂದು ಕಟ್ಟು ಇತ್ತು. ಗುಡ್ಡದ ಅಂಚಿನ ಹೊಲ್ದವ್ರು ವರ್ಷಾ ತಮ್ಮ ತಮ್ಮ ಬೀಳಿನ ಹುಲ್ಲು, ಕಂಟಿ ಸುಡ್ತಿದ್ರು. ಬೂದಿ ಮಳಿ ನೀರಿನ ಕೂಡ ಇಳದು ಹೊಲಕ್ಕ ಬರ್ಲಿ ಅಂತ. ಆದ್ರ ಅಡವಿಗೆ ಯಾವ ಬೆಂಕಿ ಬೇಕಾದ್ರೂ ಹಚ್ಚೂ ಹಂಗಿಲ್ಲ. ಹೋಳಿ ಹುಣ್ಣಿವಿ ದಿನ ಕಾಮಣ್ಣನ್ನ ಸುಡ್ತಾರಲ್ಲ, ಆ ಬೆಂಕೀನ ಬೇಕು. ಕಾಮ ಸುಟ್ಟ ಮ್ಯಾಲ ಮನಿಗೊಬ್ಬರು ಒಡದ ಗಡಿಗಿಯೊಳಗ ಕುಳ್ಳು ಇಟ್ಟು ಅದರ ಮ್ಯಾಲ ಕೆಂಡ ತರೋರು. ಮನಿ ಒಲಿ ಆರಿಸಿ, ಆ ಕೆಂಡದಿಂದ ಹೊಸದಾಗಿ ಹಚ್ಚೋರು. ಮರುದಿನ ಮುಂಜಾನಿ ಅದ ಬೆಂಕಿ ಬೀಳಿಗೆ ಹೋಗ್ತಿತ್ತು. ಕಡ್ಡಿ ಕೊರದು ಹಚ್ಚಿದ ಬೆಂಕಿಗೆ ಅಡವಿಯಾಗ ಹೇಳೋರಿಲ್ಲ ಕೇಳೋರಿಲ್ಲ, ಅದು ಹೊಳ್ಳಿ ಊರಿಗೆ ಬರ್ತೈತಿ ಅನ್ನೋರು. ಮೂಢನಂಬಿಕಿ ಅಂತ ನಗಬ್ಯಾಡ್ರಿ. ಎಲ್ಲಾರೂ ಒಂದ ದಿನ ಸುಟ್ರ ಎಲ್ಲಾರೂ ಕಾವಲಕ್ಕ ಇರ್ತಾರ. ಹೆಂಗೂ ಯುದ್ಧದ ಕಾಲ, ಕಡ್ಡಿಪೆಟಿಗಿ ಅಂಗಡ್ಯಾಗ ಕೇಳಿದ್ರ ಅಂಗಡಿಯವ ಮಾರಿ ತಿರುವತಿದ್ದ.

ನಾವು ಕಂಟಿ ಕಡದು ಸಣ್ಣ ಸಣ್ಣ ಕುಪ್ಪಿ ಹಾಕಿದ್ವಿ. ಹೋಳಿ ಮರುದಿನ ಬೆಂಕಿ ಇಟ್ವಿ. ಜಂಗ್ಲಾತಿನ ಕಾವಲಿನವ, ಒಬ್ಬ ಸಾಬರ ಮುದುಕ, ಬೇವಿನ ಹಸಿ ಟೊಂಗಿ ಹಿಡಕೊಂಡು ಸುಣ್ಣದ ಕಲ್ಲಿನ ಸಾಲಿಗೆ ನಿಂತಿದ್ದ. ಹೋಳಿ ಮರುದಿನ ಆತ ವರ್ಷಾ ಹಂಗ ನಿಲ್ತಿದ್ದ. ಬೆಂಕಿ ಕಲ್ಲು ದಾಟಿದ್ರ ಆತನ ನೌಕರಿ ಹೋಗ್ತಿತ್ತು. ದಾಟಲಿಲ್ಲ. ಮಿರಗದ ಮಳಿಗೆ ಸಜ್ಜಿ ಬಿತ್ತಿದ್ವಿ.

ಬೆಳಿ ಎದ್ದಾಗ ಹೊಲ ನೋಡಿದ್ರ ನಗು ಬರ್ತಿತ್ತು. ಎಲ್ಲಾ ಕಡಿ ಮೊಣಕಾಲಮಟ ಬಡಕಲು ಸಜ್ಜಿ, ನಡುನಡುವ ಎದಿಮಟ ಕರ್ರಗ ಎದ್ದ ಗುಂಪು. ಆ ಗುಂಪು ಎದ್ದಲ್ಲೆಲ್ಲಾ ನಾವು ಕುಪ್ಪಿ ಸುಟ್ಟಿದ್ವಿ. ಗುಂಪಿನ ನಟ್ಟನಡುವ ಒಂದು ಮೊರದಷ್ಟು ಜಾಗದಾಗ ಏನೂ ಹುಟ್ಟಿದ್ದಿಲ್ಲ, ಕೆಳಗ ಕಲ್ಲಿರಬೇಕು ಅಂದ್ಕೊಂಡ್ವಿ. ಮಾವ ಬಂದು ಬದುವಿನ ಮ್ಯಾಲ ನಿಂತು ನೋಡಿದ್ರು. ಹೂಂ ಅಂದ್ರು, ಹೋದ್ರು. ಆ ವರ್ಷ ಕಾಳು ಸಂಕ್ರಾಂತಿವರೆಗೆ ಬಂತು. ಉಳಿದ ತಿಂಗಳು ಕೂಲಿ ಮಾಡಿ ಉಂಡ್ವಿ.

ನಮ್ಮ ಮನಿಯವ್ರಿಗೆ ಆ ಕರ್ರನ್ನ ಗುಂಪು ಕಣ್ಣಾಗ ಕೂತುಬಿಟ್ಟಿತ್ತು. ಬೆಂಕಿ ಬಿದ್ದಲ್ಲಿ ಬೆಳಿ ಬಂದೈತಿ. ಹಂಗಾದ್ರ ಎಲ್ಲಾ ಕಡಿ ಬೆಂಕಿ ಬೀಳಲಿ, ದೊಡ್ಡ ಬೆಂಕಿ ಬೀಳಲಿ. ಇದು ಅವ್ರ ಲೆಕ್ಕ. ನಾನೂ ಗೋಣು ಹಾಕಿದೆ, ಯಾಕಂದ್ರ ಲೆಕ್ಕ ಸರಿ ಕಾಣ್ತಿತ್ತು. ಚಳಿಗಾಲ ಪೂರ್ತಿ ಅವ್ರ ಕೈಯಾಗಿನ ಕೊಡ್ಲಿ ಕೆಳಗ ಇಳೀಲಿಲ್ಲ. ಹೊಲದಾಗಿನ ಕಂಟಿ ಮುಗದ ಮ್ಯಾಲ ಬೀಳಿಗೆ ಹತ್ತಿದ್ರು. ಜಾಲಿ ಕಡದ್ರು, ಬಾರಿ ಕಡದ್ರು, ಮುತ್ತಲದ ಬೊಡ್ಡಿ ಸೈತ ಕಿತ್ತು ಉರುಳಿಸಿದ್ರು. ಎಲ್ಲಾ ತಂದು ಹೊಲದ ಮ್ಯಾಲಿನ ಅರ್ಧಕ್ಕ ಒಂದ ಸಮ ಒಟ್ಟಿದ್ರು. ಊರಾಗ ಯಾರೂ ಅಷ್ಟು ದೊಡ್ಡ ಒಟ್ಟಲು ಹಾಕಿದ್ದಿಲ್ಲ. ಹೋಳಿ ಹತ್ರ ಬಂದಂಗ ಕಾಮನ ಕಟಿಗಿ ಕದಿಯೂ ಹುಡುಗರ ಕಾಟ, ಅದಕ್ಕ ಅವ್ರು ಕಂಬಳಿ ಹೊತ್ಕೊಂಡು ಹೊಲದಾಗ ಮಲಗತಿದ್ರು. ಈ ವರ್ಷ ಕಾಮನಿಗಿಂತ ನಮ್ಮ ಬೆಂಕಿ ದೊಡ್ಡದು ಅಂತ ಅವ್ರಿಗೆ ಒಳಗೊಳಗ ಹೆಮ್ಮಿ.

ದೊಡ್ಡದ ಆತು. ಮುಂಜಾನಿ ಹಚ್ಚಿದ್ದು ಮರುದಿನ ಸಂಜಿಗೂ ಹೊಗಿ ಆಡ್ತಿತ್ತು. ಬೊಡ್ಡಿಗಳು ಒಳಗ ಕೆಂಡಾಗಿ ಕೂತು ನೆಲಾನ ಕಾಸಿದ್ವು. ಬೆಂಕಿ ಆರಿದ ಮ್ಯಾಲ ಮೊಣಕಾಲ ಕೆಳಗಿನವರೆಗೆ ಬೆಳ್ಳನ್ನ ಬೂದಿ ಬಿದ್ದಿತ್ತು. ಅದನ್ನ ನೋಡಿ ನಾವಿಬ್ರೂ ಬಂಗಾರ ಸಿಕ್ಕವರಂಗ ಮನಿಗೆ ಬಂದ್ವಿ.

ಹೋಳಿಗೂ ಮಳಿಗೂ ನಡುವ ನಮ್ಮ ಕಡಿ ಗಾಳಿ ಕಾಲ ಅಂತ ಒಂದು ಐತಿ ಅನ್ನೂದು ಮರತಿತ್ತು. ವೈಶಾಖದ ಗಾಳಿ ಎದ್ದು ಆ ಬೂದಿನೆಲ್ಲಾ ಎತ್ಕೊಂಡು ಊರಮ್ಯಾಲ ಬಂತು. ಮಾಳಿಗಿ ಮ್ಯಾಲ ಬೂದಿ, ಕುಡಿಯೂ ನೀರಾಗ ಬೂದಿ. ನೆಗೆಣ್ಣಿ ಆವತ್ತ ಮಾಳಿಗಿ ಮ್ಯಾಲ ಸಂಡಿಗಿ ಇಟ್ಟಿದ್ಲು. ಸಂಜೀಕ ಆಕಿ ಬೂದಿ ಬಿದ್ದ ಸಂಡಿಗಿ ಚಾಪಿ ಸುತ್ತಿಕೊಂಡು ಬಂದು ನನ್ನ ಬಾಗಲ ಮುಂದ ಬಿಚ್ಚಿಟ್ಟು ಹೋದ್ಲು. ನನಗ ಮೈಯೆಲ್ಲಾ ಉರೀತು. ಕುಂತು ಒಂದೊಂದ ಸಂಡಿಗಿ ಅರಿವಿಲೆ ಒರಸಿ ಹೊಳ್ಳಿ ಕೊಟ್ಟುಬಂದೆ.

ಹೋದ ಬೂದಿ ಹೋತು, ಮಣ್ಣರೆ ಉಳದೈತಲ್ಲ ಅಂತ ಸಮಾಧಾನ ಮಾಡ್ಕೊಂಡ್ವಿ. ಮಣ್ಣೂ ಉಳದಿದ್ದಿಲ್ಲ. ಮೊದಲನೇ ಮಳಿ ಬಂದ ದಿನ ಹೊಲಕ್ಕ ಹೋಗಿ ನೋಡಿದ್ರ ಸುಟ್ಟ ಜಾಗದಾಗ ನೀರು ಇಳೀತಾನ ಇಲ್ಲ. ಹನಿ ಹನಿಯಾಗಿ ಮಣ್ಣಿನ ಮ್ಯಾಲ ಉರುಳ್ಯಾಡಿ ಕೆಳಗ ಓಡ್ತಿತ್ತು. ಮ್ಯಾಲಿನ ಬೀಳಿನಾಗ ನೀರು ತಡಿಯಾಕ ಒಂದು ಹುಲ್ಲಿನ ಬುಡ ಇದ್ದಿಲ್ಲ, ಒಂದು ಕಂಟಿ ಬೇರು ಇದ್ದಿಲ್ಲ, ನಾವ ಕಿತ್ತಿದ್ವಿ. ಗುಡ್ಡದ ನೀರೆಲ್ಲಾ ಸೀದಾ ಹೊಲಕ್ಕ ನುಗ್ಗಿ ಕೆಳಗಿನ ಅರ್ಧದಾಗ ಕೊರಕಲು ಕೊರೀತು. ಸುಟ್ಟಲ್ಲಿ ರಂಟಿ ಹೊಡದ್ರ ಹೆಂಚಿನ ಬಣ್ಣದ ಹೆಂಟಿ ಏಳ್ತಿದ್ವು. ಬಿತ್ತಿದ ಬೀಜ ಇರಿವಿ ತಿಂದ್ವು. ದಂಡಿಗೆ, ಬೆಂಕಿ ಕಾವು ಅಷ್ಟಕ್ಕಷ್ಟ ಇದ್ದಲ್ಲಿ, ನಾಕು ಸಾಲು ಸಜ್ಜಿ ಚಲೋ ಬಂತು. ಅತಿ ಆಸಿ ಗತಿಗೇಡು ಅಂತ ಸಣ್ಣಾಕಿದ್ದಾಗಿಂದ ಕೇಳಿದ್ದೆ, ಅದು ಹೊಲಕ್ಕೂ ಹತ್ತತೈತಿ ಅಂತ ಆಗ ಗೊತ್ತಾತು. ಆ ವರ್ಷದ ಕಾಳು ದೀಪಾವಳಿ ದಾಟಲಿಲ್ಲ.

ಇನ್ನೊಂದು ಬೆಳಿ ಐತಿ ಅಂತ ಮಾವಗೂ ಗೊತ್ತು, ನಮಗೂ ಗೊತ್ತು. ನಾ ಒಲಿ ಮುಂದ ಕೂತಾಗೆಲ್ಲಾ ಆ ಅಡಿಗಿಮನಿ ನೆನಪಾಗ್ತಿತ್ತು. ಕಟಿಗಿ ಹೊರಗ ಜಗ್ಗೂ ಆ ಕೈ ಕಣ್ಣಮುಂದ ಬರ್ತಿತ್ತು. ಮಣ್ಣು ತಿಂದೇನು, ಅಲ್ಲಿಗೆ ಹೊಳ್ಳಿ ಹೋಗಾಕಿಲ್ಲ ಅಂತ ಹಲ್ಲು ಕಡೀತಿದ್ದೆ. ಆದ್ರ ಮಾವನ ಮಾತು ಮೀರೂದು ನನ್ನ ಹಲ್ಲಿನ ಕೈಯಾಗ ಇದ್ದಿಲ್ಲ.

ಅದ ವರ್ಷ ದಸರಿ ಮುಂದ ಮನಿ ಸಾರಸೂವಾಗ ಒಲಿ ಸೀಳಿತ್ತು. ಅದನ್ನ ಒಡದು ಹಿತ್ತಲಕ್ಕ ಒಗದು ಹೊಸಾದು ಹಾಕಿದೆ. ಹಿತ್ತಲದಾಗ ನಂದೊಂದು ಹೀರಿಬಳ್ಳಿ ಇತ್ತು. ಅದರ ಬುಡಕ್ಕ ಮುಸುರಿ ನೀರು ಬೀಳ್ತಿತ್ತು, ಆಗಾಗ ಒಂದು ಹಿಡಿ ಒಲಿ ಬೂದಿ ಉದುರಿಸ್ತಿದ್ದೆ. ಎಲಿ ಅಂದ್ರ ಅಂಗೈಯಗಲ, ಕಾಯಿ ಬಿಟ್ಟೂ ಬಿಟ್ಟೂ ಸಾಕಾಗಿತ್ತು. ಹಳೇ ಒಲಿ ಹೆಂಟಿ ಅದರ ಬಾಜೂಕ ಬಿದ್ದಿದ್ವು. ಮಳಿ ಮ್ಯಾಲ ಮಳಿ ಬಂದ್ರೂ ಕರಗಲಿಲ್ಲ. ಸುತ್ತ ಕಸ ಎದ್ದಿತು, ಹೆಂಟಿ ಮ್ಯಾಲ ಒಂದು ಎಸಳು ಏಳಲಿಲ್ಲ. ಒಂದಿನ ತಂಬಿಗಿ ತೊಳದ ನೀರು ಅದರ ಮ್ಯಾಲ ಚೆಲ್ಲಿದೆ. ನೀರು ಉರುಳಿ ಕೆಳಗ ಹೋತು.

ನಾ ತಂಬಿಗಿ ಹಿಡಕೊಂಡು ಅಲ್ಲೇ ನಿಂತೆ. ನಮ್ಮ ಹೊಲದ್ದೂ ಇದ ಮಣ್ಣು. ಇದನ್ನ ನಾನ ಅಲ್ಲಿಂದ ಹೊತ್ತು ತಂದಿದ್ದು. ನಾವು ಬೆಳಿ ಬೆಳೀತೀವಿ ಅಂತ ಹೋಗಿ ಹೊಲದಾಗ ಒಲಿ ಹಾಕಿ ಬಂದಿದ್ವಿ. ಬೂದಿ ಬೇಕು, ಕಾವು ಬ್ಯಾಡ. ಬೂದಿ ತೆಳ್ಳಗ ಬೀಳಬೇಕು, ಹಸಿ ನೆಲದ ಮ್ಯಾಲ ಬೀಳಬೇಕು, ಬಿದ್ದಕೂಡ್ಲೆ ಮಣ್ಣಾಗ ಕೂಡಬೇಕು. ಹೀರಿಬಳ್ಳಿ ಬುಡದಾಗ ಆದದ್ದು ಅಷ್ಟ. ಇದನ್ನ ತಿಳಿಯಾಕ ನನಗ ಎರಡು ಬೆಳಿ ಹಿಡೀತು, ಅದೂ ಒಲಿ ಒಡದಿದ್ದಕ್ಕ.

ನಮ್ಮ ಮನಿಯವ್ರಿಗೆ ಹೇಳಿದೆ. ಈ ಸಲ ಹೋಳಿಗೆ ಸುಡೂದು ಬ್ಯಾಡ. ಬ್ಯಾಸಿಗ್ಯಾಗ ಒಂದು ಅಡ್ಡಮಳಿ ಬರ್ತೈತಲ್ಲ, ಅದು ಬಂದು ನೆಲ ಒಳಗ ತಂಪಾಗಲಿ. ಮ್ಯಾಲಿನ ಹುಲ್ಲು ಒಂದೆರಡು ಬಿಸಲಿಗೆ ಒಣಗಲಿ. ಆಗ ಸುಡೋಣು, ಸುಟ್ಟ ಬೆನ್ನಿಗೆ ಕುಂಟಿ ಹೊಡಿಯೋಣು. ಅವ್ರು ಕೇಳಿ ಕೇಳಿ ಕಡೀಕ ಒಂದ ಮಾತು ಕೇಳಿದ್ರು, ಆಗ ಕಾಮನ ಬೆಂಕಿ ಎಲ್ಲಿಂದ ತರ್ತಿ ಅಂತ. ನನ್ನ ಒಲಿಯಾಗ ಇರತೈತಿ ಅಂದೆ.

ಊರ ಕಟ್ಟು ಅಂದ ಮ್ಯಾಲ ಮಾವನ್ನ ಕೇಳಬೇಕಿತ್ತು. ನಾನ ಬಾಗಲ ಮರಿಗೆ ನಿಂತು ಕೇಳಿದೆ.

"ಬೆಂಕಿ ಕಾಮಂದ ಇರಬೇಕು, ಅದು ಖರೆ," ಅಂದ್ರು ಮಾವ. "ಅಷ್ಟು ದಿನ ಆರದಂಗ ಇಡ್ತೀಯೇನವಾ?"

"ಇಡ್ತೀನ್ರಿ."

"ಆರಿದ್ರ?"

"ಆರಿದ್ರ ಈ ವರ್ಷ ಸುಡೂದಿಲ್ರಿ."

"ಇದು ಮೂರನೇ ಬೆಳಿ."

"ಗೊತ್ತೈತ್ರಿ."

ಮಾವ ಎಲಿಅಡಿಕಿ ಬಾಯಿಗೆ ಹಾಕ್ಕೊಂಡ್ರು. ಅದ ಹೂಂ ಅಂದಂಗ. ನೆಗೆಣ್ಣಿ ಒಳಗ ಬೀಸಾಕತ್ತಿದ್ಲು, ಬೀಸೂಕಲ್ಲಿನ ಸಪ್ಪಳ ನಮ್ಮ ಮಾತು ಮುಗಿಯೂತನ ನಿಂತಿತ್ತು, ಆಮ್ಯಾಲ ಸುರು ಆತು.

ಹೋಳಿ ಆತು. ಊರವರು ತಮ್ಮ ಬೀಳು ಸುಟ್ರು, ನಮ್ಮದು ಹಂಗ ನಿಂತಿತು. ಮಂದಿ ನಕ್ರು. ನಾ ಕಾಮನ ಕೆಂಡ ಒಲಿಗೆ ಇಟ್ಟೆ, ಅಲ್ಲಿಂದ ಅದನ್ನ ಸಾಕೂದು ಸುರು ಆತು. ಬೆಂಕಿ ಸಾಕೂದು ಕೂಸು ಸಾಕಿದಂಗ. ಸಂಜೀಕ ಅಡಿಗಿ ಮುಗದ ಮ್ಯಾಲ ಒಂದು ಜಾಲಿ ಬೊಡ್ಡಿ ಕೆಂಡಕ್ಕ ಹಚ್ಚಿ, ಮ್ಯಾಲ ಕುಳ್ಳು ಇಟ್ಟು, ಅದರ ಮ್ಯಾಲ ಬೂದಿ ಮುಚ್ಚಬೇಕು. ಬೂದಿ ಕಡಿಮಿ ಆದ್ರ ಉರದು ಮುಗೀತೈತಿ, ಹೆಚ್ಚಾದ್ರ ಉಸರು ಕಟ್ಟತೈತಿ. ಮುಂಜಾನಿ ಎದ್ದು ಊದಗೊಳವಿ ಹಿಡದು ಊದಿ ಎಬ್ಬಿಸಬೇಕು. ಯುಗಾದಿಗೆ ತವರಿಂದ ಅಣ್ಣ ಕರಿಯಾಕ ಬಂದ, ಹೋಗಲಿಲ್ಲ. ಒಲಿ ಬಿಟ್ಟು ಬರಾಕಾಗೂದಿಲ್ಲ ಅಂದ್ರ ಅಂವಗ ತಿಳೀಲಿಲ್ಲ, ಗಂಡನ ಮನಿಯಾಗ ಕಾಟ ಕೊಡ್ತಾರೇನು ಅಂತ ಕೇಳಿ ಹೋದ.

ಮನಿಯಾಗ ಕಾಳು ತೀರಿತ್ತು. ನಮ್ಮ ಮನಿಯವ್ರು ಆನೆಗೊಂದಿ ಕಡಿ ಬ್ಯಾಸಿಗಿ ಭತ್ತದ ಕೊಯ್ಲಿಗೆ ಕೂಲಿ ಹೋದ್ರು. ಮಳಿ ಮೋಡ ಕಂಡಕೂಡ್ಲೆ ಬಂದುಬಿಡ್ತೀನಿ ಅಂದಿದ್ರು. ಅವ್ರು ಹೋದ ವಾರದಾಗ ನನಗ ಚಳಿಜ್ವರ ಬಂತು. ಆಗೆಲ್ಲಾ ಬ್ಯಾಸಿಗಿ ಮಳಿ ಅನ್ನದ ಬರೂ ಜ್ವರ ಅದು. ಮೊದ್ಲು ನಡುಗಿದೆ, ಆಮ್ಯಾಲ ಕಾದೆ, ಆಮ್ಯಾಲ ಏನಾತು ನನಗ ಗೊತ್ತಿಲ್ಲ. ಕಡೀ ನೆನಪಂದ್ರ ಒಲಿ ಮುಚ್ಚಬೇಕು ಅಂತ ಏಳಾಕ ಹೋಗಿ ಗ್ವಾಡಿ ಹಿಡಕೊಂಡು ಕುಸದದ್ದು.

ಎಚ್ಚರಾದಾಗ ಬಾಗಲದಾಗ ಬಿಸಲಿತ್ತು. ಬಾಯಿ ಒಣಗಿತ್ತು. ನೀರಿಗಿಂತ ಮೊದ್ಲ ಒಲಿ ಕಡಿ ನೋಡಿದೆ. ಬೂದಿ ಗುಡ್ಡಿಯಾಗಿ ಕೂತಿತ್ತು. ಎಷ್ಟು ದಿನದ ಬೂದಿ ಅಂತ ನನಗ ತಿಳೀಲಿಲ್ಲ. ಆರಿ ಹೋಗೈತಿ, ಮುಗೀತು ಅಂದ್ಕೊಂಡೆ. ಅಳು ಬಂತು. ಜ್ವರದ ಮೈಯಾಗ ಕಣ್ಣೀರಿಗೆ ನೀರು ಎಲ್ಲಿಂದ ಬರ್ತೈತೋ ದೇವರಿಗೆ ಗೊತ್ತು. ತೆವಳಿಕೊಂತ ಹೋಗಿ ಬೂದಿ ಮ್ಯಾಲ ಅಂಗೈ ಇಟ್ಟೆ. ಬಿಸಿ ಇತ್ತು. ಬೆರಳಿಂದ ಬೂದಿ ಸರಸಿದೆ. ಕೆಳಗ ಕೆಂಡ ಕೆಂಪಗ ಕಣ್ಣು ತಗೀತು.

ಜಾಲಿ ಬೊಡ್ಡಿ ಎಡಗಡಿಂದ ತುರುಕಿತ್ತು.

ಬಾಜೂಕ ಗಂಜಿ ತುಂಬಿದ ತಟ್ಟಿ ಮುಚ್ಚಿಟ್ಟಿತ್ತು. ನಾ ಗಂಜಿ ಕುಡದೆ. ಬೊಡ್ಡಿ ಎಡಗಡೀನ ಇರಲಿ ಅಂತ ಬಿಟ್ಟೆ. ಆವತ್ತ ಸಂಜೀಕ ನೆಗೆಣ್ಣಿ ಬಾಗಲದಾಗ ಬಂದು ನಿಂತ್ಲು. ನಾ ಕುಂತಿದ್ದು ನೋಡಿದ್ಲು, ಒಲಿ ನೋಡಿದ್ಲು, ಹೊಳ್ಳಿ ಹೋದ್ಲು. ಮಾತಾಡಿದ್ರ ಆಕಿ ಹಲ್ಲು ಉದುರ್ತಾವೇನೋ ಅಂತ ನಾ ಆಗೂ ಬೈಕೊಂಡೆ. ಕೇಳಬೇಕಂತ ಬಾಯಿಗೆ ಬಂದದ್ದು ಅಲ್ಲೇ ನಿಂತಿತು.

ಭರಣಿ ಮಳಿ ಒಂದು ಸಂಜಿ ಚೆನ್ನಾಗಿ ಬಡೀತು. ನಮ್ಮ ಮನಿಯವ್ರು ಮೋಡ ನೋಡಿ ಆನೆಗೊಂದಿಯಿಂದ ನಡಕೊಂತ ಬಂದ್ರು. ಎರಡು ಬಿಸಲು ಬಿಟ್ವಿ. ಮೂರನೇ ದಿನ ಮುಂಜಾನಿ ಒಡದ ಗಡಿಗ್ಯಾಗ ಕೆಂಡ ಹಾಕ್ಕೊಂಡು ಹೊಲಕ್ಕ ಹೋದ್ವಿ. ಈ ಸಲ ಬೀಳಿನಾಗ ಹೊಸದಾಗಿ ಎದ್ದ ಗಿಡಕ್ಕ ಕೊಡ್ಲಿ ಹಚ್ಚಿದ್ದಿಲ್ಲ. ಹೊಲದಾಗ ಹೊಳ್ಳಿ ಎದ್ದ ಕಂಟಿ, ಒಣಾ ಹುಲ್ಲು ಕೊಯ್ದು ತೆಳ್ಳಗ ಹರವಿದ್ವಿ. ಎಲ್ಲೂ ಒಂದು ಕುಪ್ಪಿ ಬಿಡಲಿಲ್ಲ. ಸುಣ್ಣದ ಕಲ್ಲಿನ ಗುಂಟ ಹುಲ್ಲು ಕೆತ್ತಿ ಬರಿ ನೆಲದ ಒಂದು ಹಾದಿ ಮಾಡಿದ್ವಿ. ಕಾವಲಿನ ಮುದುಕ ಸುಡೂ ಸುದ್ದಿ ಕೇಳಿ ಓಡಿ ಬಂದ.

"ಅಕ್ಕಾ, ಎಲ್ಲಾರೂ ಹೋಳಿಗೆ ಸುಟ್ಟು ಕೂತಾರ. ನಿಮಗೇನಾತು ಈಗ?" ಅಂದ.

"ಬೆಂಕಿ ಕಾಮಂದ ಐತಿ, ಚಾಚಾ. ತಡಾ ಆಗಿ ಬಂದೈತಿ, ಅಷ್ಟ," ಅಂದೆ.

ಆತ ಗಡಿಗಿ ನೋಡಿದ, ನನ್ನ ಮಾರಿ ನೋಡಿದ. ಬೇವಿನ ಟೊಂಗಿ ಮುರಕೊಂಡು ತನ್ನ ಕಲ್ಲಿನ ಹಂತ್ಯಾಕ ಹೋಗಿ ನಿಂತ. ಭಾವನೂ ಒಂದು ಟೊಂಗಿ ಹಿಡಕೊಂಡು ಬಂದಿದ್ರು. ನಾವು ಕರದಿದ್ದಿಲ್ಲ.

ಮ್ಯಾಲಿಂದ ಹಚ್ಚಿದ್ವಿ. ಇಳಿಜಾರಿನ ಬೆಂಕಿ ಸಾವಕಾಶ ಕೆಳಗಿಳೀತು. ಹುಲ್ಲು ಚಟಚಟ ಅಂತು, ಉರಿ ಮೊಣಕಾಲು ಮುಟ್ಟಿ ಹಿಂದ ಬಿತ್ತು, ಮುಂದ ಹೋತು. ಎಲ್ಲೂ ನಿಂತು ಕಾಸಲಿಲ್ಲ. ಒಲಿಯಾಗ ಹಪ್ಪಳ ಸುಡೂವಾಗ ಹಿಂಗಿಂದ ಹಂಗ ಆಡಸ್ತೀವಲ್ಲ, ಅಷ್ಟ ಕಾವು. ಬೆಂಕಿ ದಾಟಿದ ಮ್ಯಾಲ ನಾ ಬೂದಿಯಾಗ ಬೆರಳು ಚುಚ್ಚಿ ನೋಡಿದೆ. ಮ್ಯಾಲ ಬೆಚ್ಚಗ, ಬೆರಳಿನ ಒಂದು ಗೆಣ್ಣು ಕೆಳಗ ತಣ್ಣಗ. ಹುಲ್ಲಿನ ತುದಿ ಹೋಗಿತ್ತು, ಬುಡ ಹಸಿ ಇತ್ತು. ಬೂದಿ ಆರಿದಕೂಡ್ಲೆ ಎತ್ತು ಹೂಡಿ ಕುಂಟಿ ಹೊಡದ್ರು. ಕುಂಟಿ ಹಿಂದ ಜಾಲಿ ಮುಳ್ಳಿನ ಟೊಂಗಿ ಕಟ್ಟಿ ಎಳದ್ವಿ. ಸಂಜಿ ಅನ್ನೂದರಾಗ ಬೂದಿ ಮಣ್ಣಾಗ ಕೂಡಿತ್ತು. ಮರುದಿನ ಗಾಳಿ ಬಿಟ್ಟಿತು, ಊರಾಗ ಒಂದು ಮಾಳಿಗಿ ಮ್ಯಾಲೂ ಬೂದಿ ಬೀಳಲಿಲ್ಲ.

ರೋಹಿಣಿ ಮಳಿ ಬಂದ್ರ ಓಣಿಯೆಲ್ಲಾ ಜ್ವಾಳ ಅಂತಾರ. ಆ ವರ್ಷ ರೋಹಿಣಿ ಹೇಳಿಕೊಳ್ಳೂವಂಗ ಬರಲಿಲ್ಲ, ಮಿರಗ ಬಂತು. ಸಜ್ಜಿ ಬಿತ್ತಿದ್ವಿ, ನಡುನಡುವ ತೊಗರಿ ಸಾಲು ಹಾಕಿದ್ವಿ. ಬೆಳಿ ಮುಗಿಲಿಗೆ ಏನೂ ಹತ್ತಲಿಲ್ಲ, ಆದ್ರ ಒಂದ ಸಮ ಬಂತು. ಕರ್ರನ್ನ ಗುಂಪೂ ಇಲ್ಲ, ಬಡಕಲು ಪಟ್ಟೀನೂ ಇಲ್ಲ. ಹೋದ ವರ್ಷ ಬೊಡ್ಡಿ ಕೆಂಡಾಗಿ ಕೂತು ಹೆಂಚಾದ ಜಾಗ ಮಾತ್ರ ಹಂಗ ಬೋಳು ಉಳೀತು. ಅದಕ್ಕ ನಾವು ಎಷ್ಟೋ ವರ್ಷ ತಿಪ್ಪಿ ಗೊಬ್ಬರ ಹಾಕಿದ್ವಿ, ಗುಡ್ಡದ ಎಲಿ ಹೊತ್ತು ಹರವಿದ್ವಿ. ಮೊದ್ಲ ದಂಡಿಗುಂಟ ಕರಕಿ ಬಂತು, ಆಮ್ಯಾಲ ಎರಿಹುಳ, ಆಮ್ಯಾಲ ಹುರಳಿ. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ಇಲ್ಲಿ ಕುಂಬಾರರೂ ನಾವ, ದೊಣ್ಣೀನೂ ನಾವ. ಚಲೋ ಬೆಳಿ ಬಂತಂತ ವರ್ಷಾ ಸುಡಲೂ ಇಲ್ಲ. ಒಂದು ವರ್ಷ ಸುಟ್ರ ಎರಡು ವರ್ಷ ಬಿಡ್ತಿದ್ವಿ. ವರ್ಷಾ ಸುಟ್ಟವರ ಬೀಳಿನಾಗ ಬರಬರ್ತ ದನ ಮೂಸದ ಬಿರುಸು ಹುಲ್ಲು ಅಷ್ಟ ಉಳೀತು, ಮಣ್ಣು ತೆಳ್ಳಗಾಗಿ ಗರಸು ಕಾಣಾಕತ್ತಿತು.

ರಾಶಿ ಆದ ದಿನ ಮಾವ ಕಣಕ್ಕ ಬಂದ್ರು. ಸಜ್ಜಿ ರಾಶಿಯೊಳಗ ಕೈ ಹಾಕಿ ಒಂದು ಹಿಡಿ ತಗೊಂಡ್ರು, ಬಾಯಿಗೆ ಹಾಕ್ಕೊಂಡು ಅಗಿದ್ರು. ಮುಂದಿನ ಸುಗ್ಗಿವರೆಗೆ ಆಗತೈತಿ ಅನ್ನೂದು ಅವ್ರ ಕಣ್ಣಿಗೆ ಗೊತ್ತಾತು.

"ಒಲಿ ಇರಲಿ," ಅಂದ್ರು. ಅಷ್ಟ ಅಂದು ಹೋದ್ರು.

ನಾ ಕಣದಾಗ ಕುಂತುಬಿಟ್ಟೆ. ನೆಗೆಣ್ಣಿ ರಾಶಿ ತೂರಾಕ ಬಂದಿದ್ಲು, ಕಡೀ ಮೊರ ಕೇರಾಕತ್ತಿದ್ಲು. ಅಷ್ಟು ದಿನ ಬಾಯಾಗ ನಿಂತ ಮಾತು ಆಗ ಹೊರಗ ಬಂತು.

"ಯಕ್ಕಾ, ಜ್ವರ ಬಂದಾಗ ನನ್ನ ಒಲಿ ಕಾದಾಕಿ ನೀನ ಹೌದಲ್ಲೋ?"

ಆಕಿ ಮೊರ ನಿಲ್ಲಿಸಲಿಲ್ಲ. "ಕಾದೆ. ಇನ್ನೇನು ಮಾಡ್ಲಿ? ಅದು ಆರಿದ್ರ ನೀ ಹೊಳ್ಳಿ ನನ್ನ ಒಲಿಗೆ ಬರ್ತಿದ್ದಿ."

ಆಕಿ ಹೊಟ್ಟು ಉಫ್ ಅಂತ ಊದಿ ಮುಂದ ಅಂದ್ಲು, "ನೀ ಬಂದಾಗಿಂದ ನನಗ ನನ್ನ ಅಡಿಗಿಮನಿಯಾಗ ಕೈಕಾಲು ಆಡ್ತಿದ್ದಿಲ್ಲ. ನೀ ಒಬ್ಬಾಕೀನ ಅಂದ್ಕೊಂಡಿಯೇನು, ತನ್ನ ಒಲಿ ತನಗ ಬೇಕಂದಾಕಿ?"

ಅದ ಮೊದಲು ಆಕಿ ನನ್ನ ಜೋಡಿ ಅಷ್ಟುದ್ದ ಮಾತಾಡಿದ್ದು. ನನಗ ಸಿಟ್ಟು ಬರಬೇಕಿತ್ತು. ನಗು ಬಂತು. ನಕ್ಕು ನಕ್ಕು ಕಣ್ಣಾಗ ನೀರು ಬಂದ್ವು. ಆಕೀನೂ ಮೊರದ ಮರಿಗೆ ನಕ್ಕಂಗ ಕಂಡಳು. ಆಮ್ಯಾಲ ನಾವಿಬ್ರೂ ಆ ಮಾತು ಯಾವತ್ತೂ ತಗೀಲಿಲ್ಲ.

ಸಂಜೀಕ ಹೊಸಾ ಸಜ್ಜಿ ಹಿಟ್ಟು ನಾದಿ ಒಲಿ ಮುಂದ ಕುಂತೆ. ನನ್ನ ಒಲಿ, ನಾ ಯಾವ ಕಡಿಂದ ಕಟಿಗಿ ತುರುಕಿದ್ರೂ ಇನ್ನ ಬಂದು ಜಗ್ಗೋರಿಲ್ಲ. ಕೈ ತಾನ ಎಡಕ್ಕ ಹೋತು. ಇವತ್ತಿಗೂ ಅಲ್ಲೇ ಹೋಗತೈತಿ.